‘ಕತ್ತಲೆ ಕ್ರಿಯೆ’ಗೆ ಬೇರೆ ಪದ ಇದೆಯೇ?

ಗೆಳೆಯರೇ,

ದ್ಯುತಿಸಂಶ್ಲೇಷಣೆಯ ಎರಡನೆಯ ಹಂತವನ್ನು, ಅಂದರೆ ಇಂಗಾಲದ ಡೈಆಕ್ಸೈಡು ಸಕ್ಕರೆಯಾಗುವ ಹಂತವನ್ನು, ‘ಕತ್ತಲೆ ಕ್ರಿಯೆ’ ಎನ್ನುವ ರೂಢಿಯಿದೆ. ಬದಲಿ ಪದವನ್ನು ಯಾರಾದರೂ ಬಳಸಿದ್ದೀರಾ? ಮೂಡಿಗೆರೆ ಕಡೆಯ ಕಾಫಿ ಬೆಳೆಗಾರರಿಗಾಗಿ ಮರಗಸಿಯ (ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸದ) ಬಗ್ಗೆ ಕಿರುಹೊತ್ತಗೆಯೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಕರಡು ಓದಿದ ಹಿರಿಯರೊಬ್ಬರು ಕೇಳಿದರು: “ಸಕ್ಕರೆ ಆಗುವುದು ಕತ್ತಲೆಯಲ್ಲಾದರೆ, ಸಿಲ್ವರ್ ಓಕ್ ಕೊಂಬೆ ಕಡಿಸಿ ಗಿಡಕ್ಕೆ ಬೆಳಕು ಬಿಡುವುದು ಯಾವ ಪುರುಷಾರ್ಥಕ್ಕೆ?” ನ್ಯಾಯವಾದ ಪ್ರಶ್ನೆ.

ಆ ಹೆಸರಿನ ಆಶಯ ಇಷ್ಟೇ: ಈ ಹಂತಕ್ಕೆ ಬೆಳಕು ನೇರವಾಗಿ ಬೇಕಿಲ್ಲ. ಆದರೆ ನಡೆಯುವುದು ಹಗಲಿನಲ್ಲೇ. ಎಲೆಯೊಳಕ್ಕೆ ಬಂದ ಡೈಆಕ್ಸೈಡನ್ನು ರುಬಿಸ್ಕೋ ಎಂಬ ಕಿಣ್ವ ಐದು ಇಂಗಾಲದ ಅಣುವೊಂದಕ್ಕೆ ಜೋಡಿಸುತ್ತದೆ. ಆರು ಇಂಗಾಲದ ಆ ಜೋಡಣೆ ನಿಲ್ಲುವುದಿಲ್ಲ. ಒಡನೆಯೇ ಮೂರು ಮೂರು ಇಂಗಾಲದ ಎರಡು ತುಂಡಾಗುತ್ತದೆ. ಅವನ್ನು ಸಕ್ಕರೆಯ ದಾರಿಗೆ ಹಚ್ಚಲು ಎಟಿಪಿ, ಎನ್‌ಎಡಿಪಿಎಚ್ ಎಂಬ ಶಕ್ತಿ ಹೊರುವ ಅಣುಗಳು ಬೇಕು. ಎರಡನ್ನೂ ಒದಗಿಸುವುದು ಬೆಳಕಿನ ಹಂತ. ಸಾಲದ್ದಕ್ಕೆ ಇಲ್ಲಿನ ಹಲವು ಕಿಣ್ವಗಳು ಚುರುಕಾಗುವುದೇ ಬೆಳಕು ಬಿದ್ದಾಗ. ಕತ್ತಲಾದರೆ ಕೆಲಸ ಬಂದ್. ಇಷ್ಟು ದುಡಿದರೂ ಆರು ತುಂಡುಗಳಲ್ಲಿ ಐದು ಚಕ್ರವನ್ನು ಮುಂದುವರಿಸಲಿಕ್ಕೇ ಮರಳುತ್ತವೆ, ಒಂದು ಮಾತ್ರ ಗಿಡದ ಗಳಿಕೆ. (ರಾತ್ರಿ ಪತ್ರರಂಧ್ರ ತೆರೆದು ಡೈಆಕ್ಸೈಡನ್ನು ಆಮ್ಲವಾಗಿ ಕೂಡಿಡುವ ಅನಾನಸ್ ಕೂಡ ಅದರಿಂದ ಸಕ್ಕರೆ ಮಾಡುವುದು ಬೆಳಗಾದ ಮೇಲೆ.)

‘ಕ್ಯಾಲ್ವಿನ್ ಚಕ್ರ’ ಎನ್ನಬಹುದು. ವಿಕಿರಣಶೀಲ ಇಂಗಾಲ-14 ಬಳಸಿ ಈ ದಾರಿಯನ್ನು ಪತ್ತೆಹಚ್ಚಿದ ಕೆಲಸಕ್ಕೆ ಮೆಲ್ವಿನ್ ಕ್ಯಾಲ್ವಿನ್ ಅವರಿಗೆ 1961ರಲ್ಲಿ ನೊಬೆಲ್ ಬಂತು. ಜೊತೆಗೆ ದುಡಿದ ಬೆನ್ಸನ್, ಬಾಶಮ್ ಹೆಸರುಗಳು ಬಿಟ್ಟುಹೋಗುತ್ತವೆ ಎಂಬ ತಕರಾರು ಇರಲಿ, ತೋಟದವರಿಗೆ ಆ ಹೆಸರಿನಿಂದ ಏನೂ ತಿಳಿಯುವುದಿಲ್ಲ. ‘ಇಂಗಾಲ ಸ್ಥಿರೀಕರಣ’ವೂ ನನಗೆ ಒಗ್ಗದು. ಕ್ಷಣಕ್ಕೊಂದು ಅಣುವಿಗೆ ದಾಟುವ ಇಂಗಾಲಕ್ಕೆ ಎಲ್ಲಿಯ ಸ್ಥಿರತೆ? ಹೆಚ್ಚೆಂದರೆ ರುಬಿಸ್ಕೋ ಮಾಡುವ ಮೊದಲ ಜೋಡಣೆಗೆ ಅದು ಸಲ್ಲಬಹುದು.

ನನ್ನ ಒಲವು ‘ಸಕ್ಕರೆ ಕಟ್ಟುವ ಹಂತ’ದ ಕಡೆಗೆ. ಹಾಸನದ ಬಯಲಿನಲ್ಲಿ ರಾಗಿ ಕಾಳು ಕಟ್ಟಿತು ಎನ್ನುತ್ತೇವಲ್ಲ, ಆ ಕಟ್ಟುವಿಕೆ. ಒಂದು ಅಡ್ಡಿಯಿದೆ: ಚಕ್ರದಿಂದ ಹೊರಬೀಳುವುದು ಮೂರು ಇಂಗಾಲದ ಸಕ್ಕರೆಯ ಫಾಸ್ಫೇಟ್. ನಾವು ಕಾಫಿಗೆ ಹಾಕುವ ಸುಕ್ರೋಸ್ ಆಗುವುದು ಆಮೇಲೆ. ‘ಕಟ್ಟುವ’ ಎಂಬ ಪದಕ್ಕೆ ಈ ಎರಡನ್ನೂ ಒಳಗೊಳ್ಳುವಷ್ಟು ಹರವು ಇದೆಯೆಂದೇ ನನ್ನ ಎಣಿಕೆ. ರಸಾಯನಶಾಸ್ತ್ರ ಬಲ್ಲವರು ಒಪ್ಪುತ್ತೀರಾ, ಅಥವಾ ‘ಸಕ್ಕರೆ’ಯ ಜಾಗದಲ್ಲಿ ‘ಇಂಗಾಲ’ ಇಡಲೇ?