ಹಳೇ ಕಾರಿನ ತಕರಾರು: ಮೆಕ್ಯಾನಿಕ್‌ಗೆ ಕೇಳಿ

ಮೆಕ್ಯಾನಿಕ್: ಎಲ್ಲರಿಗೂ ನಮಸ್ಕಾರ. ಹತ್ತು ವರ್ಷ ದಾಟಿದ ಮನೆ ಕಾರುಗಳ ಬಗ್ಗೆ ಏನೇ ಇದ್ದರೂ ಇಲ್ಲಿ ಕೇಳಿ. ಒಂದೇ ವಿನಂತಿ. "ಗಾಡಿ ಯಾಕೋ ಸರಿ ಇಲ್ಲ ಸರ್" ಅಂತ ಮಾತ್ರ ಬರೆದರೆ ನಾನು ಕಣಿ ಹೇಳಬೇಕಾಗುತ್ತದೆ. ತೊಂದರೆ ಯಾವಾಗ ಬರುತ್ತದೆ ಅಂತ ಬರೆಯಿರಿ. ಎಂಜಿನ್ ತಣ್ಣಗಿದ್ದಾಗಲೋ, ಬಿಸಿಯಾದ ಮೇಲೋ? ನಿಂತಾಗಲೋ, ಓಡುವಾಗಲೋ? ಬ್ರೇಕ್ ತುಳಿದಾಗ ಮಾತ್ರವೋ?

ಪ್ರಶ್ನೆ: ಸರ್, ನಮ್ಮದು 13 ವರ್ಷದ ಪೆಟ್ರೋಲ್ ಕಾರು. ಟ್ರಾಫಿಕ್‌ನಲ್ಲಿ ನಿಂತರೆ ಟೆಂಪರೇಚರ್ ಮುಳ್ಳು ಮೇಲೆ ಹೋಗುತ್ತದೆ. ಖಾಲಿ ರಸ್ತೆಯಲ್ಲಿ ಓಡಿಸಿದರೆ ತಾನಾಗಿಯೇ ಇಳಿಯುತ್ತದೆ. ಒಬ್ಬರು ವಾಟರ್ ಪಂಪ್ ಹೋಗಿದೆ ಅಂದರು. ಇನ್ನೊಬ್ಬರು ಹೆಡ್ ಗ್ಯಾಸ್ಕೆಟ್ (ಎಂಜಿನ್ ಹೆಡ್‌ಗೂ ಬ್ಲಾಕ್‌ಗೂ ನಡುವಿನ ಸೀಲ್) ಹೋಗಿದೆ, ಎಂಜಿನ್ ಬಿಚ್ಚಬೇಕು ಅಂದರು. ಯಾರನ್ನು ನಂಬಲಿ?

ಮೆಕ್ಯಾನಿಕ್: ಸದ್ಯಕ್ಕೆ ಇಬ್ಬರನ್ನೂ ಬಿಡಿ. ಸುಳಿವು ನೀವು ಬರೆದದ್ದರಲ್ಲೇ ಇದೆ. ಗಾಡಿ ಓಡುವಾಗ ಎದುರು ಗಾಳಿ ತಾನಾಗಿ ರೇಡಿಯೇಟರ್‌ಗೆ ನುಗ್ಗುತ್ತದೆ. ನಿಂತಾಗ ಆ ಗಾಳಿಯನ್ನು ಫ್ಯಾನ್ ಎಳೆದುಕೊಡಬೇಕು. ನಿಂತಾಗ ಮಾತ್ರ ಬಿಸಿ ಅಂದರೆ ಮೊದಲ ಅನುಮಾನ ಫ್ಯಾನ್ ಮೇಲೆ. ಉಲ್ಟಾ ಇದ್ದಿದ್ದರೆ, ಅಂದರೆ ಹೈವೇಯಲ್ಲಿ ಜೋರಾಗಿ ಓಡಿಸಿದಾಗ ಏರುತ್ತಿದ್ದರೆ, ರೇಡಿಯೇಟರ್ ಒಳಗೆ ಕಟ್ಟಿಕೊಂಡಿದೆಯೋ, ಕೂಲೆಂಟ್ ಹರಿವನ್ನು ತಡೆದು ಬಿಡುವ ಥರ್ಮೋಸ್ಟಾಟ್ ಪೂರ್ತಿ ತೆರೆಯುತ್ತಿಲ್ಲವೋ, ಪಂಪ್ ಸವೆದಿದೆಯೋ ಅಂತ ಯೋಚಿಸಬೇಕಿತ್ತು.

ಮೊದಲು ಎಂಜಿನ್ ತಣ್ಣಗಿರುವಾಗ ಕೂಲೆಂಟ್ ಮಟ್ಟ ನೋಡಿ. ಬಿಸಿ ಇದ್ದಾಗ ರೇಡಿಯೇಟರ್ ಮುಚ್ಚಳ ಮುಟ್ಟಲೇಬೇಡಿ. ಒಳಗೆ ಸುಮಾರು 1 ಬಾರ್ ಒತ್ತಡ ಇರುತ್ತದೆ. ಕೂಲೆಂಟ್ 100 ಡಿಗ್ರಿ ದಾಟಿದರೂ ಕುದಿಯದೆ ಇರುವುದಕ್ಕೆ ಆ ಒತ್ತಡವೂ ಒಂದು ಕಾರಣ. ಮುಚ್ಚಳ ಸಡಿಲಿಸಿದ ಕೂಡಲೇ ಉಕ್ಕಿ ಮುಖಕ್ಕೆ ಹಾರುತ್ತದೆ. ಮಟ್ಟ ಸರಿ ಇದ್ದರೆ ಎಂಜಿನ್ ಸ್ಟಾರ್ಟ್ ಮಾಡಿ ಏಸಿ ಹಾಕಿ. ಬಹಳಷ್ಟು ಕಾರುಗಳಲ್ಲಿ ಏಸಿ ಹಾಕಿದ ಸ್ವಲ್ಪ ಹೊತ್ತಿಗೇ ಫ್ಯಾನ್ ತಿರುಗಬೇಕು. ತಿರುಗದಿದ್ದರೆ ಫ್ಯೂಸ್ ನೋಡಿ. ಫ್ಯೂಸ್ ಸರಿ ಇದ್ದರೆ ರಿಲೇ, ಅಂದರೆ ಫ್ಯಾನ್‌ಗೆ ಕರೆಂಟ್ ಬಿಡುವ ಸಣ್ಣ ಸ್ವಿಚ್. ಅದೇ ನಂಬರಿನ ಇನ್ನೊಂದು ರಿಲೇ ಸಾಮಾನ್ಯವಾಗಿ ಅದೇ ಫ್ಯೂಸ್ ಬಾಕ್ಸ್‌ನಲ್ಲಿ ಇರುತ್ತದೆ, ಹಾರ್ನ್‌ದೋ ಮತ್ತೊಂದರದೋ. ಕೀ ಆಫ್ ಮಾಡಿ ಎರಡನ್ನೂ ಅದಲುಬದಲು ಮಾಡಿ ನೋಡಿ.

ಅದೇ ಸದಸ್ಯರು: ನೋಡಿದೆ ಸರ್. ಏಸಿ ಹಾಕಿದರೂ ಫ್ಯಾನ್ ತಿರುಗಲಿಲ್ಲ. ಫ್ಯೂಸ್ ಸರಿ ಇದೆ. ರಿಲೇ ಬದಲಿಸಿದೆ, ಟಕ್ ಅಂತ ಸದ್ದು ಬರುತ್ತದೆ, ಫ್ಯಾನ್ ಮಾತ್ರ ಅಲ್ಲಾಡಲ್ಲ.

ಮೆಕ್ಯಾನಿಕ್: ಒಳ್ಳೇದಾಯ್ತು. ರಿಲೇ ಟಕ್ ಅಂದರೆ ಕಂಪ್ಯೂಟರ್ ಫ್ಯಾನ್‌ಗೆ ಆರ್ಡರ್ ಕೊಡುತ್ತಿದೆ, ಟೆಂಪರೇಚರ್ ಸೆನ್ಸರ್ ಕಡೆ ಹೋಗಬೇಕಾಗಿಲ್ಲ. ಇನ್ನು ಉಳಿದಿದ್ದು ರಿಲೇಯಿಂದ ಫ್ಯಾನ್‌ವರೆಗಿನ ದಾರಿ. ಕೀ ಆಫ್ ಮಾಡಿ ಫ್ಯಾನ್ ಮೋಟಾರಿನ ಕನೆಕ್ಟರ್ ಬಿಚ್ಚಿ. ಪಿನ್ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದೆಯಾ, ಕರಗಿದೆಯಾ ನೋಡಿ. ಹಳೇ ಗಾಡಿಯಲ್ಲಿ ಈ ಜಾಗ ಸುಡುವುದು ಮಾಮೂಲಿ. ಅದು ಚೆನ್ನಾಗಿದ್ದರೆ ಮತ್ತೆ ಸಿಕ್ಕಿಸಿ, ಏಸಿ ಹಾಕಿ, ಉದ್ದದ ಮರದ ಹಿಡಿಯಿಂದ ಮೋಟಾರಿನ ಹಿಂಭಾಗಕ್ಕೆ ಮೆಲ್ಲಗೆ ತಟ್ಟಿ. ಕೈ, ದುಪ್ಪಟ್ಟಾ, ಸಡಿಲ ತೋಳು ಯಾವುದೂ ಹತ್ತಿರ ಇರಬಾರದು. ಫ್ಯಾನ್ ಯಾವ ಕ್ಷಣದಲ್ಲಾದರೂ ತಿರುಗಬಹುದು.

ಅದೇ ಸದಸ್ಯರು: ಕನೆಕ್ಟರ್ ಚೆನ್ನಾಗಿದೆ. ಎರಡು ಸಲ ತಟ್ಟಿದ್ದಕ್ಕೆ ಗಿರ್ರ್ ಅಂತ ತಿರುಗಿತು ಸರ್! ಹಾಗೇ ಓಡಿಸಬಹುದಾ?

ಮೆಕ್ಯಾನಿಕ್: ಬೇಡ. ಮೋಟಾರ್ ಒಳಗಿನ ಕಾರ್ಬನ್ ಬ್ರಷ್ ಸವೆದು ಸಿಕ್ಕಿಕೊಂಡಿದೆ, ತಟ್ಟಿದಾಗ ಅಲುಗಾಡಿ ಕೂತಿದೆ ಅಷ್ಟೇ. ನಾಳೆ ಟ್ರಾಫಿಕ್ ಮಧ್ಯೆ ಮತ್ತೆ ನಿಲ್ಲುತ್ತದೆ. ಫ್ಯಾನ್ ಮೋಟಾರ್ ಬದಲಿಸಿ. ಪಂಪ್‌ಗೆ ಕೈ ಹಾಕುವ ಕೆಲಸ ಇಲ್ಲ. ಹಾಗೆಯೇ ಬಿಚ್ಚಿದಾಗ ಏಸಿ ಕಂಡೆನ್ಸರ್‌ಗೂ ರೇಡಿಯೇಟರ್‌ಗೂ ನಡುವಿನ ಸಂದಿಗೆ ಟಾರ್ಚ್ ಬಿಡಿ. ಅಲ್ಲಿ ವರ್ಷಗಟ್ಟಲೆ ಧೂಳು, ಹುಳ, ಎಲೆ ಸೇರಿ ಕಂಬಳಿ ಹೊದಿಸಿದ ಹಾಗೆ ಇರುತ್ತದೆ. ಕಡಿಮೆ ಪ್ರೆಷರ್ ನೀರಲ್ಲಿ ತೊಳೆಯಿರಿ, ಜೋರು ನೀರು ಹೊಡೆದರೆ ತಗಡು ಮಡಚಿಕೊಳ್ಳುತ್ತದೆ.

ಹೆಡ್ ಗ್ಯಾಸ್ಕೆಟ್ ಭಯ ಇದ್ದರೆ, ಅದರ ಲಕ್ಷಣ ಬೇರೆ. ಕೂಲೆಂಟ್ ಎಲ್ಲೂ ಸೋರದೆ ಕಡಿಮೆ ಆಗುತ್ತಿರುತ್ತದೆ. ಎಂಜಿನ್ ಬಿಸಿಯಾದ ಮೇಲೂ ಸೈಲೆನ್ಸರ್‌ನಿಂದ ದಟ್ಟ ಬಿಳಿ ಹೊಗೆ ನಿಲ್ಲುವುದಿಲ್ಲ. ತಣ್ಣನೆ ಎಂಜಿನ್ ಸ್ಟಾರ್ಟ್ ಮಾಡಿ ಒಂದೆರಡು ನಿಮಿಷಕ್ಕೇ ಮೇಲಿನ ಹೋಸ್ ಕಲ್ಲಿನಂತಾಗುತ್ತದೆ, ರಿಸರ್ವ್ ಟ್ಯಾಂಕ್‌ನಲ್ಲಿ ಗುಳ್ಳೆ ಬರುತ್ತಲೇ ಇರುತ್ತದೆ. ಇದು ಯಾವುದೂ ಇಲ್ಲದೆ ಎಂಜಿನ್ ಬಿಚ್ಚಲು ಒಪ್ಪಬೇಡಿ.

ಇನ್ನೊಬ್ಬ ಸದಸ್ಯರು: ಅಷ್ಟೆಲ್ಲ ಯಾಕೆ ಸರ್, ಥರ್ಮೋಸ್ಟಾಟ್ ತೆಗೆದು ಬಿಸಾಕಿದರೆ ಆಯ್ತು. ನಾನು ತೆಗೆಸಿದ್ದೇನೆ, ಕೂಲೆಂಟ್ ಬದಲು ನಲ್ಲಿ ನೀರೇ ಹಾಕುತ್ತೇನೆ. ಮುಳ್ಳು ಮೇಲೆ ಬರೋದೇ ಇಲ್ಲ.

ಮೆಕ್ಯಾನಿಕ್: ಮುಳ್ಳು ಮೇಲೆ ಬರದಿರುವುದೇ ತೊಂದರೆ ಅಣ್ಣ. ಥರ್ಮೋಸ್ಟಾಟ್ ಸಾಮಾನ್ಯವಾಗಿ 80ರಿಂದ 90 ಡಿಗ್ರಿ ನಡುವೆ ತೆರೆಯುತ್ತದೆ. ಅಲ್ಲಿಯವರೆಗೆ ಎಂಜಿನ್ ಬೇಗ ಬಿಸಿಯಾಗಲಿ ಅಂತ ನೀರನ್ನು ತಡೆದಿಡುತ್ತದೆ. ಅದನ್ನು ತೆಗೆದರೆ ಎಂಜಿನ್ ಇನ್ನೂ ತಣ್ಣಗಿದೆ ಅಂತ ಕಂಪ್ಯೂಟರ್ ಪೆಟ್ರೋಲ್ ಜಾಸ್ತಿ ಸುರಿಯುತ್ತಲೇ ಇರುತ್ತದೆ. ಮೈಲೇಜ್ ಇಳಿಯುತ್ತದೆ, ಸುಡದ ಪೆಟ್ರೋಲ್ ಇಳಿದು ಎಂಜಿನ್ ಆಯಿಲ್ ತೆಳುವಾಗುತ್ತದೆ. ನಲ್ಲಿ ನೀರಿನ ವಿಷಯಕ್ಕೆ ಬಂದರೆ, ಒಳಗೆ ಬಿಳಿ ಪದರ ಕಟ್ಟುತ್ತದೆ, ತುಕ್ಕು ಹಿಡಿಯುತ್ತದೆ. ಕೂಲೆಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧಕ್ಕರ್ಧ ಹಾಕಿ. ರೆಡಿ ಮಿಕ್ಸ್ ತಂದಿದ್ದರೆ ಮತ್ತೆ ನೀರು ಬೆರೆಸಬೇಡಿ.

ಪ್ರಶ್ನೆ: ಎರಡು ದಿನ ಗಾಡಿ ತೆಗೆಯದಿದ್ದರೆ ಬೆಳಗ್ಗೆ ಸೆಲ್ಫ್ ಹೊಡೆಯಲ್ಲ, ಟಿಟಿಟಿಟಿ ಅಂತ ಸದ್ದು ಮಾತ್ರ. ಬ್ಯಾಟರಿ ಹೊಸದು. ಜಂಪ್ ಕೊಟ್ಟರೆ ತಕ್ಷಣ ಸ್ಟಾರ್ಟ್. ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಬದಲಿಸಬೇಕು ಅಂತಿದ್ದಾರೆ.

ಮೆಕ್ಯಾನಿಕ್: ಬದಲಿಸುವ ಮೊದಲು ಅಳತೆ ಮಾಡಿ ಮೇಡಂ. ಒಂದು ಸಾದಾ ಮಲ್ಟಿಮೀಟರ್ ಸಾಕು. ರಾತ್ರಿಯಿಡೀ ನಿಂತ ಗಾಡಿಯಲ್ಲಿ, ಬೆಳಗ್ಗೆ ಏನನ್ನೂ ಆನ್ ಮಾಡುವ ಮೊದಲು, ಬ್ಯಾಟರಿ ಮೇಲೆ ಎಷ್ಟು ವೋಲ್ಟ್ ಇದೆ ನೋಡಿ. 12.6 ಅಂದರೆ ತುಂಬಿದೆ. 12.2 ಅಂದರೆ ಅರ್ಧ. 12ರ ಕೆಳಗೆ ಹೋದರೆ ಹೆಚ್ಚು ಕಡಿಮೆ ಖಾಲಿ. ಸ್ಟಾರ್ಟ್ ಆದ ಮೇಲೆ ಮತ್ತೆ ನೋಡಿ, 13.8ರಿಂದ 14.4ರ ಸುತ್ತಮುತ್ತ ಇದ್ದರೆ ಆಲ್ಟರ್ನೇಟರ್ ತನ್ನ ಕೆಲಸ ಮಾಡುತ್ತಿದೆ.

ಅದೇ ಸದಸ್ಯರು: ಬೆಳಗ್ಗೆ 12.0 ಇತ್ತು. ಎಂಜಿನ್ ಓಡುವಾಗ 14.2.

ಮೆಕ್ಯಾನಿಕ್: ಹಾಗಾದರೆ ಆಲ್ಟರ್ನೇಟರ್ ತಂಟೆಗೆ ಹೋಗಬೇಡಿ. ಗಾಡಿ ನಿಂತಿರುವಾಗ ಯಾವುದೋ ಒಂದು ಕರೆಂಟ್ ಕುಡಿಯುತ್ತಿದೆ. ಕೀ ತೆಗೆದು, ಬಾಗಿಲು ಹಾಕಿ, ಬ್ಯಾಟರಿ ನೆಗೆಟಿವ್ ಕೇಬಲ್ ಬಿಚ್ಚಿ. ಮೀಟರನ್ನು 10 ಆಂಪಿಯರ್ ರೇಂಜ್‌ಗೆ ಇಟ್ಟು, ಕೆಂಪು ವೈರನ್ನೂ ಅದೇ ರೇಂಜಿನ ತೂತಿಗೆ ಸಿಕ್ಕಿಸಿ, ಕೇಬಲ್‌ಗೂ ಬ್ಯಾಟರಿ ಟರ್ಮಿನಲ್‌ಗೂ ನಡುವೆ ಜೋಡಿಸಿ. ಹಾಗಿದ್ದಾಗ ಅಪ್ಪಿತಪ್ಪಿಯೂ ಸ್ಟಾರ್ಟ್ ಮಾಡಬೇಡಿ, ಮೀಟರ್ ಫ್ಯೂಸ್ ಹಾರಿಹೋಗುತ್ತದೆ. ಅರ್ಧ ಗಂಟೆ ಬಿಡಿ, ಗಾಡಿಯ ಎಲೆಕ್ಟ್ರಾನಿಕ್ಸ್ ಮಲಗಲು ಅಷ್ಟು ಹೊತ್ತು ಬೇಕಾಗಬಹುದು. ಆಮೇಲೆ 0.05 ಆಂಪಿಯರ್ ಒಳಗೆ ಇದ್ದರೆ ಪರವಾಗಿಲ್ಲ. ಜಾಸ್ತಿ ಇದ್ದರೆ ಒಂದೊಂದೇ ಫ್ಯೂಸ್ ತೆಗೆಯುತ್ತಾ ಮೀಟರ್ ನೋಡಿ. ಯಾವುದನ್ನು ತೆಗೆದಾಗ ಇಳಿಯುತ್ತದೋ ಆ ಲೈನಿನಲ್ಲೇ ಕಳ್ಳ ಇದ್ದಾನೆ.

ಅದೇ ಸದಸ್ಯರು: 0.42 ತೋರಿಸಿತು. ಒಳಗಿನ ಲೈಟಿನ ಫ್ಯೂಸ್ ತೆಗೆದ ಕೂಡಲೇ 0.02ಕ್ಕೆ ಬಂತು. ಆದರೆ ಬಾಗಿಲು ಹಾಕಿದರೆ ಲೈಟ್ ಆರುತ್ತದಲ್ಲ ಸರ್?

ಮೆಕ್ಯಾನಿಕ್: ಮೇಲಿನ ಲೈಟ್ ಆರುತ್ತದೆ. ಡಿಕ್ಕಿ ಲೈಟ್? 5 ವ್ಯಾಟಿನ ಬಲ್ಬ್ ಸುಮಾರು 0.4 ಆಂಪಿಯರ್ ಎಳೆಯುತ್ತದೆ, ನಿಮ್ಮ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ. ದಿನಕ್ಕೆ 10 ಆಂಪಿಯರ್ ಅವರ್ ಹತ್ತಿರ ಆಯ್ತು. 35 ಆಂಪಿಯರ್ ಅವರ್ ಬ್ಯಾಟರಿ ಎರಡು ದಿನಕ್ಕೆ ಅರ್ಧಕ್ಕಿಂತ ಕೆಳಗೆ ಹೋಗುತ್ತದೆ. ಫ್ಯೂಸ್ ವಾಪಸ್ ಹಾಕಿ, ಮೊಬೈಲ್‌ನಲ್ಲಿ ವಿಡಿಯೋ ಆನ್ ಮಾಡಿ ಡಿಕ್ಕಿಯೊಳಗೆ ಇಟ್ಟು ಮುಚ್ಚಿ. ಕಾರಿನ ಕೀ ಮಾತ್ರ ಕೈಯಲ್ಲೇ ಇರಲಿ. ಗ್ಲೋವ್ ಬಾಕ್ಸ್‌ನಲ್ಲಿ ಲೈಟ್ ಇದ್ದರೆ ಅದನ್ನೂ ಹೀಗೇ ನೋಡಿ.

ಅದೇ ಸದಸ್ಯರು: ವಿಡಿಯೋ ಪೂರ್ತಿ ಬೆಳಕು! ಡಿಕ್ಕಿ ಲಾಕ್‌ನ ಸ್ವಿಚ್ ಸಿಕ್ಕಿಕೊಂಡಿದೆ ಅನ್ಸುತ್ತೆ.

ಮೆಕ್ಯಾನಿಕ್: ಸ್ವಿಚ್ ಕ್ಲೀನ್ ಮಾಡಿಸಿ ಅಥವಾ ಬದಲಿಸಿ. ಅಲ್ಲಿವರೆಗೆ ಆ ಬಲ್ಬ್ ತೆಗೆದಿಡಿ. ಬ್ಯಾಟರಿಯನ್ನು ಒಂದು ಸಲ ಚಾರ್ಜರ್‌ಗೆ ಹಾಕಿ ಪೂರ್ತಿ ತುಂಬಿಸಿ, ಪದೇ ಪದೇ ಖಾಲಿಯಾದರೆ ಹೊಸ ಬ್ಯಾಟರಿಯೂ ಬೇಗ ಸಾಯುತ್ತದೆ. ಉಳಿದವರಿಗೆ ಒಂದು ಮಾತು: ಟಿಟಿಟಿಟಿ ಅಂದರೆ ಸಾಮಾನ್ಯವಾಗಿ ಬ್ಯಾಟರಿಯಲ್ಲಿ ಬಲ ಇಲ್ಲ. ಲೈಟ್ ಚೆನ್ನಾಗಿ ಉರಿಯುತ್ತಾ ಒಂದೇ ಒಂದು ಟಕ್ ಬಂದು ಸುಮ್ಮನಾದರೆ ಸೆಲ್ಫ್ ಮೋಟಾರ್, ಅದಕ್ಕೆ ಕರೆಂಟ್ ಬಿಡುವ ಸೊಲೆನಾಯ್ಡ್, ಇಲ್ಲವೇ ಅರ್ಥ್ ಕೇಬಲ್ ನೋಡಿ. ಟರ್ಮಿನಲ್ ಮೇಲಿನ ಬಿಳಿ ಹಸಿರು ಪುಡಿಯನ್ನು ಅಡುಗೆ ಸೋಡಾ ಬೆರೆಸಿದ ನೀರಲ್ಲಿ ತೊಳೆದರೇ ಎಷ್ಟೋ ಗಾಡಿ ಸರಿಹೋಗುತ್ತವೆ. ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ನೆಗೆಟಿವ್ ಕೊನೆಗೆ.

ಪ್ರಶ್ನೆ: 90ರ ಸ್ಪೀಡಿನಲ್ಲಿ ಸ್ಟೇರಿಂಗ್ ನಡುಗುತ್ತದೆ. ಡಿಸ್ಕ್ ಬೆಂಡ್ ಆಗಿರಬಹುದಾ?

ಮೆಕ್ಯಾನಿಕ್: ಬ್ರೇಕ್ ತುಳಿಯದೆಯೂ ನಡುಗುತ್ತದೆ ಅಂದರೆ ಮೊದಲು ವೀಲ್ ಬ್ಯಾಲೆನ್ಸಿಂಗ್ ಮಾಡಿಸಿ, ಟೈರ್ ಉಬ್ಬಿದೆಯಾ ನೋಡಿ. ತುಳಿದಾಗ ಮಾತ್ರ ಸ್ಟೇರಿಂಗೂ ಪೆಡಲೂ ಮಿಡಿಯುತ್ತಿದ್ದರೆ ಡಿಸ್ಕ್. ಡಿಸ್ಕ್ ಹೊಸದು ಹಾಕುವಾಗ ಅದು ಕೂರುವ ಹಬ್ ಮೇಲಿನ ತುಕ್ಕನ್ನು ವೈರ್ ಬ್ರಷ್‌ನಲ್ಲಿ ಉಜ್ಜಿಸಿ. ಇದನ್ನು ಬಿಟ್ಟರೆ ಡಿಸ್ಕ್ ಓರೆಯಾಗಿ ಕೂತು, ಸ್ವಲ್ಪ ದಿನಕ್ಕೆ ಮತ್ತೆ ಅದೇ ನಡುಕ. ಬ್ರೇಕ್ ಆಯಿಲ್ ಬದಲಿಸಿ ಎರಡು ವರ್ಷ ದಾಟಿದ್ದರೆ ಜೊತೆಗೇ ಬದಲಿಸಿ, ಅದು ತೇವ ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು, ತೇವ ಸೇರಿದ ಮೇಲೆ ಆ ಮಿತಿ 155.

ಪ್ರಶ್ನೆ: ಪೂರ್ತಿ ಸ್ಟೇರಿಂಗ್ ತಿರುಗಿಸಿ ಮುಂದೆ ಹೋದರೆ ಕಟಕಟ ಸದ್ದು. ಹಳ್ಳಕ್ಕೆ ಇಳಿದರೆ ಬೇರೆ ಥರ, ಗುಡು ಅಂತ.

ಮೆಕ್ಯಾನಿಕ್: ಅವು ಎರಡು ಬೇರೆ ಬೇರೆ ತೊಂದರೆ. ಕಟಕಟ ಅನ್ನುವುದು ಡ್ರೈವ್ ಶಾಫ್ಟಿನ ಹೊರಗಿನ ಜಾಯಿಂಟ್. ಚಕ್ರದ ಹಿಂದೆ ರಬ್ಬರ್ ಬೂಟ್ ಹರಿದು ಗ್ರೀಸ್ ಚಿಮ್ಮಿರುತ್ತದೆ, ಬಗ್ಗಿ ನೋಡಿ. ಗುಡು ಅನ್ನುವುದಕ್ಕೆ ಸಸ್ಪೆನ್ಷನ್‌ನಲ್ಲಿ ಮೊದಲು ಲಿಂಕ್ ರಾಡ್, ಆಮೇಲೆ ಲೋಯರ್ ಆರ್ಮ್ ಬುಷ್ ನೋಡಿ. ಶಾಕ್ ಅಬ್ಸಾರ್ಬರ್ ಕೊನೆಗೆ.

ಪ್ರಶ್ನೆ: ಎಂಜಿನ್ ಲೈಟ್ ಬಂದಿದೆ. ಸ್ಕ್ಯಾನ್ ಮಾಡಿದಾಗ ಪಿ0171 ಬಂತು. ಆಕ್ಸಿಜನ್ ಸೆನ್ಸರ್ ಬದಲಿಸಿದೆ. ವಾರಕ್ಕೆ ಲೈಟ್ ವಾಪಸ್!

ಮೆಕ್ಯಾನಿಕ್: ಬರಲೇಬೇಕಲ್ಲ. ಆ ಕೋಡ್ ಹೇಳುವುದು "ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ" ಅಂತ. ಅದನ್ನು ಹೇಳಿದ್ದೇ ಆಕ್ಸಿಜನ್ ಸೆನ್ಸರ್. ಸುದ್ದಿ ತಂದವನನ್ನೇ ಕೆಲಸದಿಂದ ತೆಗೆದಿದ್ದೀರಿ. ಸ್ಕ್ಯಾನರ್‌ನಲ್ಲಿ ಲೈವ್ ಡೇಟಾ ತೆರೆದು ಫ್ಯೂಯಲ್ ಟ್ರಿಮ್ ನೋಡಿ. ಅದು ಕಂಪ್ಯೂಟರ್ ಎಷ್ಟು ಪೆಟ್ರೋಲ್ ಸೇರಿಸುತ್ತಿದೆ ಅನ್ನುವ ಲೆಕ್ಕ. ಎಂಜಿನ್ ಸುಮ್ನೆ ಓಡುವಾಗ 20 ಪರ್ಸೆಂಟ್ ಇದ್ದು, 2500 ಆರ್‌ಪಿಎಂಗೆ ಏರಿಸಿದಾಗ ಸೊನ್ನೆ ಕಡೆಗೆ ಇಳಿದರೆ ಎಲ್ಲೋ ಗಾಳಿ ನುಗ್ಗುತ್ತಿದೆ. ವ್ಯಾಕ್ಯೂಮ್ ಹೋಸ್‌ಗಳನ್ನು ಬೆರಳಲ್ಲಿ ಮಡಚಿ ನೋಡಿ, ಹಳೇ ರಬ್ಬರ್ ಹೊರಗೆ ಚೆನ್ನಾಗಿ ಕಂಡರೂ ಮಡಿಕೆಯ ಒಳಗೆ ಸೀಳಿರುತ್ತದೆ. ಅದರ ಬದಲು ಜೋರಾಗಿ ಓಡಿಸುವಾಗ ಟ್ರಿಮ್ ಏರುತ್ತಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ, ಫಿಲ್ಟರ್ ಮತ್ತು ಪಂಪಿನ ಒತ್ತಡ ನೋಡಿಸಿ. ಗಾಳಿ ಅಳೆಯುವ ಸೆನ್ಸರ್ ಕೊಳೆಯಾಗಿದ್ದರೂ ಇದೇ ಕೋಡ್ ಬರಬಹುದು. ಅದಕ್ಕೆಂದೇ ಸ್ಪ್ರೇ ಸಿಗುತ್ತದೆ, ಬಟ್ಟೆಯಲ್ಲಿ ಒರೆಸಬೇಡಿ.

ಇನ್ನೊಂದು. ಲೈಟ್ ಸ್ಥಿರವಾಗಿ ಉರಿದರೆ ಮೆಲ್ಲಗೆ ಮನೆ ಸೇರಬಹುದು. ಮಿಣುಕುತ್ತಿದ್ದರೆ ಕಾಲು ತೆಗೆದು ಪಕ್ಕಕ್ಕೆ ಹಾಕಿ. ಸಿಲಿಂಡರ್ ಮಿಸ್ ಹೊಡೆದು, ಸುಡದ ಪೆಟ್ರೋಲ್ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅದನ್ನೇ ಸುಡುತ್ತದೆ.

ಪ್ರಶ್ನೆ: ಡ್ರೈವರ್ ಪಕ್ಕದ ಸೀಟಿನ ಕೆಳಗೆ ಕಾರ್ಪೆಟ್ ಒದ್ದೆ. ಮಳೆ ಇಲ್ಲ.

ಮೆಕ್ಯಾನಿಕ್: ಬೆರಳಿಗೆ ಬರೀ ನೀರಿನಂತಿದ್ದರೆ ಏಸಿ ಡ್ರೈನ್ ಪೈಪ್ ಕಟ್ಟಿದೆ, ಊದಿದರೆ ಸರಿಹೋಗಬಹುದು. ಜಿಡ್ಡು, ಸಿಹಿ ವಾಸನೆ ಇದ್ದರೆ ಹೀಟರ್ ಕೋರ್ (ಕಾರಿನೊಳಗೆ ಬಿಸಿ ಗಾಳಿ ಕೊಡುವ ಚಿಕ್ಕ ರೇಡಿಯೇಟರ್) ಸೋರುತ್ತಿದೆ. ಬಾಯಿಗೆ ಮಾತ್ರ ಹಾಕಬೇಡಿ, ಕೂಲೆಂಟ್ ವಿಷ.

ಪ್ರಶ್ನೆ: ಕಾರು 1,10,000 ಕಿಮೀ ಓಡಿದೆ. ಪಿಸ್ಟನ್ ಚಲನೆಗೆ ಹೊಂದಿಸಿ ವಾಲ್ವ್ ತೆರೆದು ಮುಚ್ಚಿಸುವ ಟೈಮಿಂಗ್ ಬೆಲ್ಟ್ ಇನ್ನೂ ಬದಲಿಸಿಲ್ಲ. ಏನೂ ಸದ್ದಿಲ್ಲ, ಪಿಕಪ್ ಚೆನ್ನಾಗಿದೆ. ಇನ್ನೊಂದು ವರ್ಷ ತಳ್ಳಬಹುದಾ?

ಮೆಕ್ಯಾನಿಕ್: ಬೇಡ ಸರ್. ಬೇರೆ ಎಲ್ಲದಕ್ಕೂ "ಲಕ್ಷಣ ನೋಡಿ, ಅಳೆದು, ಆಮೇಲೆ ಬದಲಿಸಿ" ಅಂತ ಹೇಳಿದೆ. ಇದೊಂದು ಬೇರೆ, ಇದು ಸೂಚನೆ ಕೊಡದೆಯೇ ತುಂಡಾಗಬಹುದು. ಬಹಳಷ್ಟು ಎಂಜಿನ್‌ಗಳಲ್ಲಿ ಬೆಲ್ಟ್ ಹೋದರೆ ಪಿಸ್ಟನ್ ಬಂದು ತೆರೆದಿರುವ ವಾಲ್ವ್‌ಗೆ ಗುದ್ದುತ್ತದೆ. ವಾಲ್ವ್ ಬಾಗಿದರೆ ಹೆಡ್ ಕೆಳಗಿಳಿಸಬೇಕು. ನಿಮ್ಮ ಗಾಡಿಯ ಪುಸ್ತಕದಲ್ಲಿ ಕಿಮೀ ಮತ್ತು ವರ್ಷ ಎರಡೂ ಕೊಟ್ಟಿರುತ್ತಾರೆ, ಯಾವುದು ಮೊದಲು ಬರುತ್ತದೋ ಅದು ಲೆಕ್ಕ. ರಬ್ಬರ್ ನಿಂತಲ್ಲೇ ವಯಸ್ಸಾಗುತ್ತದೆ. ಚೈನ್ ಇರುವ ಎಂಜಿನ್ ಆದರೆ ಈ ಮಾತು ಅನ್ವಯಿಸುವುದಿಲ್ಲ, ಅದನ್ನು ಮೊದಲು ಖಚಿತ ಮಾಡಿಕೊಳ್ಳಿ. ಬೆಲ್ಟ್ ಜೊತೆ ಟೆನ್ಷನರ್ ಬೇರಿಂಗ್ ಬದಲಿಸಿ. ವಾಟರ್ ಪಂಪ್ ಅದೇ ಬೆಲ್ಟಿನಲ್ಲಿ ತಿರುಗುತ್ತಿದ್ದರೆ ಅದನ್ನೂ ಈಗಲೇ ಹಾಕಿಸಿ, ಬಿಚ್ಚುವ ಕೂಲಿ ಎರಡು ಸಲ ಯಾಕೆ? ಬದಲಿಸಿದ ದಿನದ ಕಿಮೀ ಮತ್ತು ತಾರೀಖನ್ನು ಚೀಟಿಯಲ್ಲಿ ಬರೆದು ಬಾನೆಟ್ ಒಳಗೆ ಅಂಟಿಸಿ. ಮುಂದೆ ಗಾಡಿ ಯಾರ ಕೈಗೆ ಹೋದರೂ ಅವರು ಹೀಗೆ ಕೇಳಬೇಕಾಗುವುದಿಲ್ಲ.