ಎಎಫ್ (ಹೃದಯದ ಲಯ ತಪ್ಪುವ ಏಟ್ರಿಯಲ್ ಫಿಬ್ರಿಲೇಶನ್): ಇಸಿಜಿ ನಾರ್ಮಲ್ ಬಂದರೆ ರಕ್ತ ತೆಳು ಮಾಡುವ ಮಾತ್ರೆ ನಿಲ್ಲಿಸಬಹುದೇ?

ಪ್ರಶ್ನೆ: ಸರ್, ಅಪ್ಪನಿಗೆ 72 ವರ್ಷ, ಬಿಪಿ, ಶುಗರ್ ಎರಡೂ ಇದೆ. ಎಎಫ್ ಅಂತ ರಕ್ತ ತೆಳು ಮಾಡುವ ಎಪಿಕ್ಸಾಬಾನ್ 5 ಮಿ.ಗ್ರಾಂ ದಿನಕ್ಕೆರಡು, ನಾಡಿ ನಿಧಾನಿಸಲು ಮೆಟೊಪ್ರೊಲಾಲ್ 50 ಕೊಟ್ಟಿದ್ದಾರೆ. ಈಗ ಇಸಿಜಿ ನಾರ್ಮಲ್. ಎಪಿಕ್ಸಾಬಾನ್ ಬಿಟ್ಟು ಆಸ್ಪಿರಿನ್ ಕೊಡಬಹುದಾ?

ಹೃದ್ರೋಗ ತಜ್ಞ: ದಯವಿಟ್ಟು ಬಿಡಿಸಬೇಡಿ. ಎಎಫ್ ಬಂದು ಹೋಗುತ್ತಿರುತ್ತದೆ, ಇಸಿಜಿ ತೋರಿಸುವುದು ಆ ಕೆಲವು ಸೆಕೆಂಡುಗಳನ್ನು ಮಾತ್ರ. ಹೃದಯದ ಮೇಲಿನ ಕೋಣೆ ಅದುರುವಾಗ ಎಡಬದಿಯ ಸಣ್ಣ ಚೀಲದಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತದೆ. ಅದು ಮೆದುಳಿಗೆ ಹೋದರೆ ಪಾರ್ಶ್ವವಾಯು. ಮಾತ್ರೆ ಬೇಕೋ ಬೇಡವೋ ಅನ್ನುವುದು ಇವತ್ತಿನ ಲಯದ ಮೇಲಲ್ಲ, ಅಪಾಯದ ಅಂಕದ ಮೇಲೆ ನಿಂತಿದೆ. ವಯಸ್ಸು 65–74ಕ್ಕೆ 1, ಬಿಪಿಗೆ 1, ಶುಗರ್‌ಗೆ 1, ನಿಮ್ಮಪ್ಪನಿಗೆ 3. ಗಂಡಸರಿಗೆ 2 ಅಥವಾ ಹೆಚ್ಚಿದ್ದರೆ ಕೊಡಲೇಬೇಕು. ಆಸ್ಪಿರಿನ್ ಈ ಹೆಪ್ಪನ್ನು ಸರಿಯಾಗಿ ತಡೆಯುವುದಿಲ್ಲ, ರಕ್ತಸ್ರಾವದ ಅಪಾಯ ಮಾತ್ರ ತಪ್ಪುವುದಿಲ್ಲ. ಖರ್ಚಿನ ಚಿಂತೆಯಿದ್ದರೆ ಅಗ್ಗದ ಜನರಿಕ್ ಬ್ರ್ಯಾಂಡ್ ಬರೆಸಿಕೊಳ್ಳಿ.

ಪ್ರಶ್ನೆ: ತೂಕ 58 ಕೆ.ಜಿ., ಕಿಡ್ನಿ ಪರೀಕ್ಷೆಯ ಕ್ರಿಯಾಟಿನಿನ್ 1.1. ಹಾಗಾದರೆ 2.5 ಸಾಕಾಗುತ್ತಾ?

ಹೃದ್ರೋಗ ತಜ್ಞ: ಸಾಲದು. ವಯಸ್ಸು 80 ಅಥವಾ ಹೆಚ್ಚು, ತೂಕ 60 ಅಥವಾ ಕಡಿಮೆ, ಕ್ರಿಯಾಟಿನಿನ್ 1.5 ಅಥವಾ ಹೆಚ್ಚು: ಮೂರರಲ್ಲಿ ಎರಡಾದರೂ ಇದ್ದರೆ ಡೋಸ್ ಇಳಿಸುತ್ತೇವೆ. ಇವರಿಗೆ ತೂಕ ಒಂದೇ. ಭಯಕ್ಕೆ ಅರ್ಧ ಡೋಸ್ ಕೊಟ್ಟು ಪಾರ್ಶ್ವವಾಯು ತಂದುಕೊಳ್ಳುವುದು ಬೇಡ. ಒಂದು ಹೊತ್ತು ಮರೆತರೆ ನೆನಪಾದ ತಕ್ಷಣ ಅದೇ ದಿನ ಕೊಡಿ, ಮುಂದಿನ ಹೊತ್ತಿಗೆ ಎರಡು ಸೇರಿಸಬೇಡಿ. ಮಂಡಿನೋವಿಗೆ ಡೈಕ್ಲೊಫೆನಾಕ್, ಐಬುಪ್ರೊಫೆನ್ ಬೇಡ, ಪ್ಯಾರಾಸಿಟಮಾಲ್ ಕೊಡಿ. ನಾಡಿ ಸುಮ್ಮನೆ ಕೂತಾಗ 110ರ ಒಳಗಿದ್ದು ಉಸಿರುಕಟ್ಟು, ಸುಸ್ತು ಇಲ್ಲದಿದ್ದರೆ ಮೊದಲಿಗೆ ಅಷ್ಟು ಸಾಕು. ರೋಗ ಪತ್ತೆಯಾಗಿ ವರ್ಷದೊಳಗಿದ್ದರೆ ಲಯ ಸರಿಪಡಿಸುವ ಔಷಧ ಅಥವಾ ಅಬ್ಲೇಶನ್ (ಲಯ ಕೆಡಿಸುವ ಜಾಗವನ್ನು ತೆಳು ನಳಿಕೆಯಿಂದ ಸುಡುವ ಚಿಕಿತ್ಸೆ) ಬಗ್ಗೆ ನಿಮ್ಮ ಡಾಕ್ಟರ ಹತ್ತಿರ ಈಗಲೇ ಕೇಳಿ.

ಮತ್ತೊಬ್ಬರು: ನಮ್ಮಮ್ಮನಿಗೂ ಎಎಫ್ ಇದೆ, ರುಮ್ಯಾಟಿಕ್ ಜ್ವರದಿಂದ ಹೃದಯದ ಮೈಟ್ರಲ್ ವಾಲ್ವ್ ತುಂಬಾ ಕಿರಿದಾಗಿದೆ ಮೇಡಂ, ರಕ್ತ ತೆಳು ಮಾಡುವ ಹಳೇ ಮಾತ್ರೆ ವಾರ್ಫರಿನ್ ತಗೊಳ್ತಾರೆ. ಎಪಿಕ್ಸಾಬಾನ್‌ಗೆ ಬದಲಾಯಿಸಿದರೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ನೋಡುವ) ಪರೀಕ್ಷೆಯ ತಲೆನೋವು ತಪ್ಪುತ್ತಲ್ವಾ?

ಔಷಧ ತಜ್ಞೆ: ಅಮ್ಮನಿಗೆ ವಾರ್ಫರಿನ್ನೇ ಸರಿ. ಇಂಥ ರೋಗಿಗಳಲ್ಲಿ ವಾರ್ಫರಿನ್ನನ್ನು ಎಪಿಕ್ಸಾಬಾನ್ ಜಾತಿಯದ್ದೇ ಆದ ರಿವರಾಕ್ಸಾಬಾನ್ ಜೊತೆ ಹೋಲಿಸಿದ ಇನ್ವಿಕ್ಟಸ್ ಅಧ್ಯಯನದಲ್ಲಿ (2022) ವಾರ್ಫರಿನ್ ಗುಂಪಿನವರಲ್ಲೇ ಸಾವು ಕಡಿಮೆ. ಐಎನ್‌ಆರ್ 2ರಿಂದ 3ರ ನಡುವೆ ಇರಲಿ. ಸೊಪ್ಪು ಬಿಡಿಸಬೇಡಿ, ವಾರವಾರ ಹೆಚ್ಚುಕಡಿಮೆ ಅಷ್ಟೇ ತಿನ್ನಲಿ. ಒಂದು ವಾರ ಬಸಳೆ ಹುಳಿ ಮೇಲೆ ಹುಳಿ, ಮರುವಾರ ಸೊಪ್ಪೇ ಇಲ್ಲ ಅಂದಾಗಲೇ ಐಎನ್‌ಆರ್ ಏರುಪೇರಾಗುವುದು. ಮೆಟ್ರೊನಿಡಜೋಲ್, ಕೋಟ್ರೈಮಾಕ್ಸಜೋಲ್‌ನಂಥ ಆಂಟಿಬಯಾಟಿಕ್ ಶುರುವಾದರೆ 3–5 ದಿನದಲ್ಲಿ ಐಎನ್‌ಆರ್ ನೋಡಿಸಿ. ಕಪ್ಪು ಮಲ, ನಿಲ್ಲದ ಮೂಗಿನ ರಕ್ತ, ತಲೆಗೆ ಪೆಟ್ಟು ಇವುಗಳಲ್ಲಿ ಯಾವುದಾದರೂ ಆದರೆ ಕಾಯದೆ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ.