ಮೂರು ಕೊಟೇಶನ್, ಮೂರು ಲೆಕ್ಕ: ಮನೆ ಸಾಮಾನು ಸಾಗಿಸುವವರನ್ನು ಗೊತ್ತು ಮಾಡುವ ಮೊದಲು

ಕೇಳಿದವರು:

ರಾಜಾಜಿನಗರದಲ್ಲಿ ಎರಡು ಬೆಡ್‌ರೂಮಿನ ಬಾಡಿಗೆ ಮನೆ ನಮ್ಮದು. ಎರಡನೇ ಮಹಡಿ, ಲಿಫ್ಟ್ ಇಲ್ಲ. ಯಜಮಾನರಿಗೆ ಹುಬ್ಬಳ್ಳಿಗೆ ವರ್ಗ ಆಗಿದೆ. ಆಷಾಢ ಹಿಡಿಯೋ ಮೊದಲೇ ಹೊಸ ಮನೇಲಿ ಹಾಲುಕ್ಕಿಸಬೇಕು ಅಂತ ಅತ್ತೆಯವರ ಹಟ. ಮೂರು ಕಡೆ ಪ್ಯಾಕರ್ಸ್ ಅಂಡ್ ಮೂವರ್ಸ್‌ನವರನ್ನು ವಿಚಾರಿಸಿದೆ. ಒಬ್ಬರು ಫೋನಿನಲ್ಲೇ ಹತ್ತೊಂಬತ್ತೂವರೆ ಸಾವಿರ ಅಂದರು. ಇನ್ನೊಬ್ಬರು ವಾಟ್ಸಾಪಿನಲ್ಲಿ ‘28,000 ಆಲ್ ಇನ್‌ಕ್ಲೂಡೆಡ್’ ಅಂತ ಒಂದೇ ಸಾಲು ಕಳಿಸಿದರು. ಮೂರನೆಯವರು ಮನೆಗೆ ಬಂದು ಎಲ್ಲಾ ನೋಡಿಕೊಂಡು ಹೋಗಿ ಎರಡು ಪುಟದ ಕೊಟೇಶನ್ ಕೊಟ್ಟಿದ್ದಾರೆ: 33,500, ಜಿಎಸ್‌ಟಿ ಬೇರೆ. ಒಂದೇ ಮನೆ, ಒಂದೇ ಊರು, ಇಷ್ಟು ವ್ಯತ್ಯಾಸ ಯಾಕೆ? ಅನುಭವ ಇದ್ದವರು ದಯವಿಟ್ಟು ಹೇಳಿ.

ಶಿವಮೊಗ್ಗದವರು, ಈಗ ಪುಣೆಯಲ್ಲಿ:

ಮೇಡಂ, ನಿಮ್ಮ ಹತ್ತೊಂಬತ್ತೂವರೆ ಸಾವಿರ ನೋಡಿ ನನ್ನ ಹಳೇ ಗಾಯ ಕೆರೆದ ಹಾಗಾಯಿತು. ಬೆಂಗಳೂರಿಂದ ಶಿವಮೊಗ್ಗಕ್ಕೆ ಹೋಗುವಾಗ ನಾನು ನಂಬಿದ್ದೂ ಇಂಥ ಫೋನ್ ರೇಟನ್ನೇ. ‘ಟೂ ಬಿಎಚ್‌ಕೆ ತಾನೇ ಸರ್, ಹದಿನಾಲ್ಕು ಸಾವಿರ, ಎಲ್ಲಾ ಸೇರಿ’ ಅಂದಿದ್ದ. ಏಳಕ್ಕೆ ಬರಬೇಕಾದ ಗಾಡಿ ಹನ್ನೊಂದಕ್ಕೆ ಬಂತು. ಮಂಚ ಬಿಚ್ಚಿ, ಬೀರು ಇಳಿಸಿ, ಅರ್ಧ ಸಾಮಾನು ಏರಿಸಿದ ಮೇಲೆ ಮೇಸ್ತ್ರಿಯ ಕಣ್ಣು ಅಟ್ಟದ ಮೇಲೆ ಬಿತ್ತು. ‘ಇದನ್ನ ಹೇಳಿರಲಿಲ್ಲವಲ್ಲ ಸರ್’ ಅಂದ. ನಾನು ಹೇಳಿರಲಿಲ್ಲ, ನಿಜ. ಅವನ ಕಂಪನಿಯವರು ಕೇಳಿಯೂ ಇರಲಿಲ್ಲ. ನಮ್ಮ ಗ್ರೈಂಡರ್ ಇಟ್ಟಿದ್ದ ಡಬ್ಬದ ಮೇಲೆ ಆರಾಮಾಗಿ ಕೂತು, ಬೀಡಿ ಹಚ್ಚಿ, ಸಿಗರೇಟ್ ಪ್ಯಾಕಿನ ಒಳಗಿನ ಬಿಳಿ ಕಾಗದದ ಮೇಲೆ ಲೆಕ್ಕ ಬರೆದ: ಅಟ್ಟದ್ದು ಎರಡು ಸಾವಿರ, ಮಹಡಿ ಇಳಿಸಿದ್ದಕ್ಕೆ ಸಾವಿರದೈನೂರು, ದೊಡ್ಡ ಗಾಡಿಗೆ ಎರಡೂವರೆ. ಒಟ್ಟು ಆರು ಸಾವಿರ. ಮಂಚದ ಹಲಗೆಗಳು ರಸ್ತೆ ಬದಿ ಬಿದ್ದಿದ್ದವು, ಮೋಡ ಕವಿದಿತ್ತು, ಓನರ್ ಬೀಗ ಹಿಡಿದು ಗೇಟಿನಲ್ಲಿ ನಿಂತಿದ್ದರು. ಕೊಡದೆ ಏನು ಮಾಡಲಿ?

ಪುಣೆಗೆ ಹೊರಟಾಗ ಉಲ್ಟಾ ಮಾಡಿದೆ. ಯಾರಿಗೂ ಫೋನ್ ಮಾಡುವ ಮೊದಲೇ ಒಂದು ಸಂಜೆ ಮನೆಯವಳೂ ನಾನೂ ನೋಟ್‌ಬುಕ್ ಹಿಡಿದು ಕೋಣೆ ಕೋಣೆ ಸುತ್ತಿದೆವು. ಮಂಚ ಬಿಚ್ಚುವಂಥದ್ದೋ ಅಲ್ಲವೋ, ಬೀರು ಎಷ್ಟು ಬಾಗಿಲಿನದ್ದು, ಫ್ರಿಜ್ ಎಷ್ಟು ಲೀಟರಿನದ್ದು, ಎಲ್ಲ ಬರೆದೆವು. ಏಣಿ ಹಾಕಿ ಅಟ್ಟ ಹತ್ತಿದರೆ ಅಜ್ಜಿಯ ಕಾಲದ ತಾಮ್ರದ ಹಂಡೆ, ದಸರಾ ಗೊಂಬೆಗಳ ಎರಡು ಟ್ರಂಕು, ಒರಳುಕಲ್ಲು, ಮಗನ ತೊಟ್ಟಿಲು. ಹೀಗೆ ನಾವು ಮರೆತೇಬಿಟ್ಟಿದ್ದ ಹನ್ನೊಂದು ಸಾಮಾನು ಅಲ್ಲೇ ಸಿಕ್ಕವು. ಬಾಲ್ಕನಿಯ ತುಳಸಿ ಕುಂಡ ಸೇರಿ ಇನ್ನೂ ಏಳು. ಪಟ್ಟಿಯ ಕೊನೆಗೆ ಎರಡೂ ಮನೆಗಳ ಮಹಡಿ, ಲಿಫ್ಟ್ ಇದೆಯೋ ಇಲ್ಲವೋ, ಲಾರಿ ನಿಲ್ಲುವ ಜಾಗದಿಂದ ಬಾಗಿಲಿಗೆ ಎಷ್ಟು ಹೆಜ್ಜೆ ಅಂತಲೂ ಸೇರಿಸಿ, ಅದೇ ಪಟ್ಟಿಯನ್ನು ನಾಲ್ಕು ಜನರಿಗೆ ಕಳಿಸಿದೆ. ಜೊತೆಗೆ ಮನೆಯೆಲ್ಲಾ ತೋರಿಸುವ ವಿಡಿಯೋ. ‘ಈ ಪಟ್ಟಿಗೆ ಲೆಟರ್‌ಹೆಡ್‌ನಲ್ಲಿ ಕೊಟೇಶನ್ ಕೊಡಿ’ ಅಂದೆ. ನಾಲ್ವರಲ್ಲಿ ಇಬ್ಬರು ಆಮೇಲೆ ಫೋನೇ ಎತ್ತಲಿಲ್ಲ. ಅರ್ಧ ಆಯ್ಕೆ ಅಲ್ಲಿಗೇ ಮುಗಿಯಿತು!

ನಿಮ್ಮ ಮೂರು ರೇಟುಗಳಿಗೆ ಬರೋಣ. 33,500ಕ್ಕೆ ಶೇ. 18 ಜಿಎಸ್‌ಟಿ ಸೇರಿದರೆ 39,530. ‘ಆಲ್ ಇನ್‌ಕ್ಲೂಡೆಡ್’ ಅಂದವರ 28,000ದಲ್ಲಿ ಜಿಎಸ್‌ಟಿ ಸೇರಿದೆಯಾ ಕೇಳಿದಿರಾ? ಸೇರಿಲ್ಲ ಅಂದರೆ ಅದು 33,040 ಆಗುತ್ತದೆ. ಫೋನಿನವರ ಹತ್ತೊಂಬತ್ತೂವರೆಯಲ್ಲಿ ಪ್ಯಾಕಿಂಗ್ ಇದೆಯೋ, ಬರೀ ಲಾರಿ ಬಾಡಿಗೆಯೋ? ಇಳಿಸುವ ಹಮಾಲಿ ಇದೆಯೋ? ನನಗೆ ಅನ್ನಿಸುವುದು, ಅವರು ನಿಮ್ಮ ಸಾಮಾನನ್ನು ಬೇರೆಯವರದರ ಜೊತೆ ಒಂದೇ ಲಾರಿಗೆ ಹಾಕುವ ಲೆಕ್ಕದಲ್ಲಿದ್ದಾರೆ. ಶೇರಿಂಗ್ ಲೋಡ್ ಅಂದರೆ ತಪ್ಪೇನಿಲ್ಲ, ಅಗ್ಗ. ಆದರೆ ಆ ಇನ್ನೊಬ್ಬರ ಸಾಮಾನು ದಾವಣಗೆರೆಯಲ್ಲಿ ಇಳಿದ ಮೇಲೆಯೇ ನಿಮ್ಮದು ಮುಂದೆ ಹೋಗುವುದು. ಗೋದಾಮಿನಲ್ಲಿ ಎರಡು ದಿನ ಕೂತರೂ ಕೂತೀತು. ನಿಮಗೋ ಹಾಲುಕ್ಕಿಸುವ ಮುಹೂರ್ತ ಇದೆ. ಗಾಡಿ ಪೂರ್ತಿ ನಿಮಗೋ ಶೇರಿಂಗೋ, ಎಷ್ಟು ಅಡಿಯದ್ದು, ತಲುಪುವ ತಾರೀಕು ಯಾವುದು, ಈ ಮೂರನ್ನು ಬರೆಸಿಕೊಳ್ಳದೆ ರೇಟಿನ ಮಾತೇ ಬೇಡ. ಎರಡು ಬೆಡ್‌ರೂಮಿನ ತುಂಬು ಸಂಸಾರಕ್ಕೆ ಸಾಮಾನ್ಯವಾಗಿ 14 ಅಡಿ ಗಾಡಿ ಹೇಳುತ್ತಾರೆ. ಟಾಟಾ ಏಸ್‌ನಲ್ಲಿ ತುರುಕುತ್ತೇವೆ ಅಂದವರನ್ನು ಅಲ್ಲಿಗೇ ಬಿಡಿ.

ಪ್ಯಾಕಿಂಗ್ ಬಗ್ಗೆ ‘ಸ್ಟ್ಯಾಂಡರ್ಡ್ ಪ್ಯಾಕಿಂಗ್’ ಅಂತ ಬರೆದಿದ್ದರೆ ಅದಕ್ಕೆ ಏನರ್ಥ ಅಂತ ಕೇಳಿ. ನಮಗೆ ಒಬ್ಬ ಬರೆದುಕೊಟ್ಟಿದ್ದೂ ಅದೇ. ಕೆದಕಿದಾಗ ಗೊತ್ತಾಯಿತು, ಬೀರುವಿಗೆ ಒಂದು ಸುತ್ತು ಪ್ಲಾಸ್ಟಿಕ್ ಹಾಳೆ, ಪಾತ್ರೆಗೆ ಹಳೇ ಪೇಪರು, ಅಷ್ಟೇ. ಇನ್ನೊಬ್ಬರು ಟಿವಿಗೆ ಬಬಲ್ ರ್ಯಾಪ್ ಮತ್ತು ರಟ್ಟಿನ ಪೆಟ್ಟಿಗೆ, ಗಾಜಿಗೆ ಥರ್ಮಾಕೋಲ್, ಒಟ್ಟು ಡಬ್ಬ ಎಷ್ಟು ಅಂತ ಸಾಲು ಸಾಲಾಗಿ ಬರೆದಿದ್ದರು. ನಾಲ್ಕು ಸಾವಿರ ಹೆಚ್ಚಿತ್ತು. ಅವರನ್ನೇ ಹಿಡಿದೆ.

ಅಡ್ವಾನ್ಸ್ ಅಂತ ಹತ್ತರಲ್ಲಿ ಒಂದು ಪಾಲು ಕೊಟ್ಟೆ. ಅದೂ ಕಂಪನಿ ಹೆಸರಿನ ಖಾತೆಗೆ, ಯಾರದೋ ಸ್ವಂತ ಮೊಬೈಲ್ ನಂಬರಿಗಲ್ಲ. ಲೋಡ್ ಆದ ಮೇಲೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಉಳಿದದ್ದು ಇಳಿಸಿದ ಮೇಲೆ. ಈ ಕಂತುಗಳೂ ಕೊಟೇಶನ್ನಿನಲ್ಲೇ ಇದ್ದವು.

ಮಂಗಳೂರಿನವರು:

ಇನ್ಶೂರೆನ್ಸ್ ವಿಷಯ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಜುಲೈ ತಿಂಗಳು, ಶಿರಾಡಿ ಘಾಟಿಯಲ್ಲಿ ಮಳೆ ಕೊಡಪಾನದಲ್ಲಿ ಸುರಿದ ಹಾಗೆ. ತೆರೆದ ಲಾರಿಗೆ ಟಾರ್ಪಾಲು ಹೊದಿಸಿದ್ದರು. ಮನೆಗೆ ಬಂದು ನೋಡಿದರೆ ಹಾಸಿಗೆ ಹಿಂಡಿದರೆ ನೀರು, ಷೋಕೇಸಿನ ಗಾಜು ಎರಡು ಹೋಳು. ವಾಟ್ಸಾಪಿನ ಒಂದು ಸಾಲಿನ ಕೊಟೇಶನ್ನಿನಲ್ಲಿ ‘ಟ್ರಾನ್ಸಿಟ್ ಇನ್ಶೂರೆನ್ಸ್ 3%’ ಅಂತ ಇತ್ತು, ಸಾಮಾನಿನ ಬೆಲೆ ಎರಡು ಲಕ್ಷದ ಮೇಲೆ ಆರು ಸಾವಿರ ಕೊಟ್ಟಿದ್ದೆ. ಪಾಲಿಸಿ ನಂಬರು ಕೇಳಿದರೆ ಪಾಲಿಸಿಯೇ ಇಲ್ಲ! ಅದು ‘ಎಫ್‌ಒವಿ’ ಅಂತೆ. ಅಂದರೆ ಸಾಗಿಸುವವರೇ ‘ಹಾಳಾದರೆ ನಾವು ನೋಡಿಕೊಳ್ಳುತ್ತೇವೆ’ ಅಂತ ತೆಗೆದುಕೊಳ್ಳುವ ದುಡ್ಡು. ನೋಡಿಕೊಂಡದ್ದು ಎಷ್ಟು ಅಂತೀರಿ, ಗಾಜಿಗೆ ಎಂಟುನೂರು ರೂಪಾಯಿ. ಹಾಸಿಗೆಗೆ ‘ಮಳೆ ದೇವರ ಕೈಲಿದೆ ಮೇಡಂ’.

ಹಾಗಾಗಿ ಇನ್ಶೂರೆನ್ಸ್ ಅಂತ ಸಾಲು ಕಂಡರೆ, ಯಾವ ವಿಮಾ ಕಂಪನಿ, ಪಾಲಿಸಿ ನನ್ನ ಹೆಸರಿಗೆ ಬರುತ್ತದಾ, ಲಾರಿ ಹೊರಡುವ ಮೊದಲು ಕೈಗೆ ಕೊಡುತ್ತೀರಾ ಅಂತ ಕೇಳಿ. ತಡವರಿಸಿದರೆ ಆ ಸಾಲಿನ ದುಡ್ಡನ್ನು ಮೊತ್ತದಿಂದ ಕಳೆದು ಬೇರೆಯವರ ಜೊತೆ ಹೋಲಿಸಿ.

ನಮ್ಮ ಭಾವ ವಕೀಲರು. ಅವರು ಹೇಳಿದ್ದು: ರಸ್ತೆ ಸಾಗಣೆಗೆ 2007ರ ಕಾಯ್ದೆ ಒಂದಿದೆ. ಸಾಮಾನಿನ ಬೆಲೆ ಇಷ್ಟು ಅಂತ ನಾವು ಮೊದಲೇ ಬರೆದುಕೊಡದಿದ್ದರೆ ಸಾಗಣೆದಾರರ ಹೊಣೆಗೆ ಮಿತಿ ಇರುತ್ತದೆ, ಬಾಡಿಗೆಯ ಹತ್ತು ಪಟ್ಟು. ನಷ್ಟ ಆದರೆ ಬುಕ್ ಮಾಡಿದ ದಿನದಿಂದ 180 ದಿನದೊಳಗೆ ಲಿಖಿತ ನೋಟಿಸು ಕೊಟ್ಟಿರಬೇಕು. ಗ್ರಾಹಕರ ಸಹಾಯವಾಣಿ 1915ಕ್ಕೂ ದೂರು ಕೊಡಬಹುದು. ಆದರೆ ಎಲ್ಲಿ ಹೋದರೂ ಮೊದಲು ಕೇಳುವುದು ಕಾಗದವನ್ನೇ: ಕೊಟೇಶನ್, ಸಾಮಾನಿನ ಪಟ್ಟಿ, ಲಾರಿ ರಸೀತಿ. ನನ್ನ ಹತ್ತಿರ ಇದ್ದದ್ದು ವಾಟ್ಸಾಪಿನ ಆ ಒಂದು ಸಾಲು ಮತ್ತು ಒಂದು ನಮಸ್ಕಾರದ ಇಮೋಜಿ.

ಹುಬ್ಬಳ್ಳಿಯವರು:

ಅಕ್ಕಾರ, ನಾವೂ ಹೋದ ವರ್ಷ ಬೆಂಗಳೂರು ಬಿಟ್ಟು ಬಂದವರ. ಕೊಟೇಶನ್ನಿನ ಕೆಳಗ ಸಣ್ಣ ಅಕ್ಷರ ಇರ್ತಾವು, ಅವನ್ನ ಮೊದಲ ಓದ್ರಿ. ನಮ್ಮದರಾಗ ‘ಟೋಲ್, ಆಕ್ಟ್ರಾಯ್, ಇ-ವೇ ಬಿಲ್ ಖರ್ಚು ಬ್ಯಾರೆ’ ಅಂತ ಇತ್ತು. ಆಕ್ಟ್ರಾಯ್ ಅಂದ್ರ ಊರೊಳಗ ಬರೋ ಸರಕಿಗೆ ಹಾಕತಿದ್ದ ಸುಂಕ. 2017ರಾಗ ಜಿಎಸ್‌ಟಿ ಬಂದ ಮ್ಯಾಲೆ ಅದು ಎಲ್ಲೈತ್ರಿ? ಬಳಸಿದ ಮನಿ ಸಾಮಾನಿಗೆ ಇ-ವೇ ಬಿಲ್ಲೂ, ಅಂದ್ರ ಸರಕು ಸಾಗಸಾಕ ಆನ್‌ಲೈನ್‌ನ್ಯಾಗ ಮಾಡೋ ಜಿಎಸ್‌ಟಿ ಚೀಟಿನೂ, ಬೇಕಾಗಂಗಿಲ್ಲ. ‘ಇವೆರಡು ಸಾಲು ಹೊಡದು ಹಾಕ್ರಿ’ ಅಂದೆ, ಹೊಡದು ಹಾಕಿದ್ರು. ಟೋಲ್ ಖರೇನ ಇರ್ತದ, ಆದ್ರ ಅದನ್ನ ಬಾಡಿಗಿಯೊಳಗ ಸೇರಿಸಿ ಹೇಳ್ರಿ ಅನ್ನಬೇಕು.

ಜಿಎಸ್‌ಟಿ ನಂಬರ್ ಬರದಿರ್ತಾರ, ಅದನ್ನ ಜಿಎಸ್‌ಟಿ ಪೋರ್ಟಲ್‌ನ್ಯಾಗ ಹಾಕಿ ನೋಡ್ರಿ. ಹದಿನೈದು ಅಕ್ಷರ ಇರ್ತದ, ನಮ್ಮ ರಾಜ್ಯದ್ದಾದ್ರ 29ರಿಂದ ಸುರು. ನನಗ ಬಂದ ಒಂದು ಕೊಟೇಶನ್ನಿನಾಗ ಭಾಳ ದೊಡ್ಡ ಕಂಪನಿ ಹೆಸರಿಗೆ ಹಿಂದೊಂದು ಮುಂದೊಂದು ಶಬ್ದ ಸೇರಿಸಿ, ಹಂಗ ಕಾಣೋ ಲೋಗೋ ಹಾಕಿದ್ರು. ನಂಬರ್ ಹಾಕಿ ನೋಡಿದ್ರ ರದ್ದಾಗೇತಿ ಅಂತ ಬಂತು!

ಇನ್ನೊಂದು. ಆಷಾಢಕ್ಕ ಮುಂಚಿನ ವಾರ ಎಲ್ಲಾರೂ ಮನಿ ಬದಲಿ ಮಾಡ್ತಾರ, ಅದೂ ತಿಂಗಳ ಕೊನಿ ಬಂದ್ರಂತೂ ರೇಟ್ ಮ್ಯಾಲೆ ಮ್ಯಾಲೆ. ಹಾಲುಕ್ಕಿಸೋದನ್ನ ಮುಹೂರ್ತದಾಗ ಮಾಡಿ, ಸಾಮಾನು ಆಷಾಢದಾಗ ತರಿಸ್ರಿ. ನಮ್ಮವ್ವ ಇದಕ್ಕ ಒಪ್ಪಿದ್ಲು, ನಿಮ್ಮತ್ತಿಯವರನ್ನ ಕೇಳಿ ನೋಡ್ರಿ. ಗಾಡಿಯವರು ಖಾಲಿ ಕೂತಿರ್ತಾರ, ಚೌಕಾಸಿಗೂ ಬರ್ತಾರ.

ಶಿವಮೊಗ್ಗದವರು, ಈಗ ಪುಣೆಯಲ್ಲಿ:

ಇವರು ಹೇಳಿದ್ದು ಸರಿ. ಇನ್ನೆರಡು ಮಾತು ಬಿಟ್ಟಿದ್ದೆ. ಗ್ಯಾಸ್ ಸಿಲಿಂಡರ್ ಪಟ್ಟಿಯಲ್ಲಿ ಹಾಕಬೇಡಿ, ಏಜೆನ್ಸಿಗೆ ಒಪ್ಪಿಸಿ ಟ್ರಾನ್ಸ್‌ಫರ್ ವೋಚರ್ ತಗೊಳ್ಳಿ. ಮುಂಭಾಗದಿಂದ ಬಟ್ಟೆ ಹಾಕುವ ವಾಷಿಂಗ್ ಮೆಷಿನ್ ಆಗಿದ್ದರೆ ಅದರ ಜೊತೆ ಬಂದಿದ್ದ, ಸಾಗಿಸುವಾಗ ಡ್ರಮ್ ಅಲುಗದ ಹಾಗೆ ಬಿಗಿಯುವ ಟ್ರಾನ್ಸಿಟ್ ಬೋಲ್ಟ್ ಹುಡುಕಿಡಿ. ಅದಿಲ್ಲದೆ ಲಾರಿ ಏರಿಸಿದರೆ ಡ್ರಮ್ಮಿಗೆ ಏಟು. ನಮ್ಮದು ಮೂರು ದಿನ ಹುಡುಕಿದ ಮೇಲೆ ಮಗನ ಆಟಿಕೆ ಡಬ್ಬದಲ್ಲಿ ಸಿಕ್ಕಿತು.

ಕೇಳಿದವರು:

ಎಲ್ಲರಿಗೂ ಧನ್ಯವಾದ. ಭಾನುವಾರ ನಾವೂ ಪಟ್ಟಿ ಮಾಡಿದೆವು. ಎರಡು ಬೆಡ್‌ರೂಮಿನ ಮನೆ ಅಂತ ನಾನು ಹಗುರಾಗಿ ಹೇಳಿದ್ದು 86 ಸಾಲು ಆಯಿತು. ಮೂವರಿಗೂ ಅದನ್ನೇ ಕಳಿಸಿದೆ.

ಹತ್ತೊಂಬತ್ತೂವರೆಯವರು ‘ಮೇಡಂ, ಬರೆದುಕೊಡೋದೆಲ್ಲ ನಮ್ಮಲ್ಲಿಲ್ಲ, ನಂಬಿಕೆ ಮೇಲೆ ನಡೆಯುತ್ತೆ’ ಅಂದರು. 28,000ದವರು ಲೆಟರ್‌ಹೆಡ್‌ನಲ್ಲಿ ಕೊಟ್ಟದ್ದು 31,000, ಜಿಎಸ್‌ಟಿ ಸೇರಿ 36,580. ಶೇರಿಂಗ್ ಗಾಡಿ, ತಲುಪಲು ‘ಮೂರರಿಂದ ಆರು ದಿನ’. ಮನೆಗೆ ಬಂದು ನೋಡಿದ್ದವರ ಎರಡು ಪುಟದಲ್ಲಿ ಈ ಎಲ್ಲಾ ಪ್ರಶ್ನೆಗೂ ಉತ್ತರ ಮೊದಲೇ ಇತ್ತು, ನಾನೇ ಓದಿರಲಿಲ್ಲ! 14 ಅಡಿಯ ಮುಚ್ಚಿದ ಗಾಡಿ, ನಮಗೊಬ್ಬರಿಗೇ, ಮಾರನೇ ದಿನ ಸಂಜೆಯೊಳಗೆ. ಅದರಲ್ಲಿ 3% ಅಂತ ಇದ್ದ ಸಾಲಿಗೆ ಪಾಲಿಸಿ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಆ ಸಾಲನ್ನೇ ತೆಗೆದು 27,500ಕ್ಕೆ ಇಳಿಸಿದರು. ಜಿಎಸ್‌ಟಿ ಸೇರಿ 32,450. ಎರಡು ಲಕ್ಷಕ್ಕೆ ವಿಮೆ ನಾವೇ ಬೇರೆ ಮಾಡಿಸುತ್ತಿದ್ದೇವೆ. ಅವರನ್ನೇ ಗೊತ್ತು ಮಾಡಿದೆವು.

ಆಷಾಢದ ಐಡಿಯಾ ಅತ್ತೆಯವರಿಗೆ ಹೇಳಿದೆ. ಒಪ್ಪಲಿಲ್ಲ. ಪಟ್ಟಿಯ 71ನೇ ಸಾಲನ್ನೂ ಅವರೇ ಪೆನ್ನು ತಗೊಂಡು ಹೊಡೆದು ಹಾಕಿದರು. ಅದು ಅವರ ಉಪ್ಪಿನಕಾಯಿ ಭರಣಿ. ರೈಲಿನಲ್ಲಿ ತಾವೇ ಮಡಿಲಲ್ಲಿಟ್ಟುಕೊಂಡು ಬರುತ್ತಾರಂತೆ.